ಹೆಬ್ಬೆಟ್ಟಿನ ಸಾಲು

ಮಿಡಿಗೇಶಿಯ ಪುಟ್ಟಕ್ಕನಿಗೆ ದಮ್ಮು ಎಂದರೆ ಪದ, ಪದ ಎಂದರೆ ದಮ್ಮು. ಚಡುಗುಡು ಆಟದಲ್ಲಿ ಗೆರೆ ದಾಟಿ ಎದುರಾಳಿಗಳ ಅಂಗಳಕ್ಕೆ ನುಗ್ಗಿದವಳು ಒಂದೇ ಉಸಿರಿನಲ್ಲಿ ಏನಾದರೂ ಹೇಳುತ್ತಲೇ ಇರಬೇಕು. ಉಸಿರು ಕಡಿದರೆ ಔಟು. ಪೇಟೆಯವರು ಸುಮ್ಮನೆ ಕಬಡ್ಡಿ ಕಬಡ್ಡಿ ಅಂತ ಬಡಬಡಿಸುತ್ತಾರೆ. ಕೋಟೆ ಬೆಟ್ಟದ ಕೆಳಗೆ ಕುರಿ ಬಿಟ್ಟುಕೊಂಡು ಆಡುತ್ತ ಬೆಳೆದ ಹಟ್ಟಿಯ ಹೆಣ್ಣುಮಕ್ಕಳಿಗೆ ಅಂಥ ದರಿದ್ರ ಯಾಕೆ? ಅವರು ತಾವೇ ಪದ ಕಟ್ಟುತ್ತಿದ್ದರು. ಎದುರು ನಿಂತವಳ ಮೂಗು, ಅವಳ ಅತ್ತೆಯ ಜಿಪುಣತನ, ಪಟೇಲನ ಹೊಟ್ಟೆ, ಯಾವುದನ್ನೂ ಬಿಡುತ್ತಿರಲಿಲ್ಲ. ಗೆರೆಯ ಒಳಗೆ ಆಡಿದ ಮಾತಿಗೆ ಗೆರೆಯ ಆಚೆ ಯಾರೂ ಸಿಟ್ಟಾಗುವ ಹಾಗಿಲ್ಲ ಎಂಬುದು ಹಟ್ಟಿಯ ಕಟ್ಟು. ಪಟೇಲನೇ ಬಂದು ನಿಂತು ತನ್ನ ಹೊಟ್ಟೆಯ ಪದ ಕೇಳಿ ನಕ್ಕು ಹೋಗಿದ್ದುಂಟು.

ಪುಟ್ಟಕ್ಕ ಯಾವತ್ತೂ ಉಸಿರಿನ ಲೆಕ್ಕ ಇಟ್ಟವಳಲ್ಲ. ಆ ಲೆಕ್ಕವನ್ನು ಪದವೇ ಇಟ್ಟುಕೊಳ್ಳುತ್ತಿತ್ತು. ಮೊದಲ ಸಾಲಿಗೆ ಗೆರೆ ದಾಟುವುದು, ಹಾಲಿನ ಸಾಲಿಗೆ ಎದುರಾಳಿಗಳನ್ನು ಮೂಲೆಗೆ ಅಟ್ಟುವುದು, ಹೆಬ್ಬೆಟ್ಟಿನ ಸಾಲು ಬಂತೋ, ಕೈಗೆ ಸಿಕ್ಕವಳನ್ನು ಮುಟ್ಟಿ ಗಿರಕ್ಕನೆ ತಿರುಗುವುದು. ಆಮೇಲೆ ಉಳಿದ ಉಸಿರು ಗೆರೆ ಮುಟ್ಟುವುದಕ್ಕೆ ಸರಿಯಾಗಿ ಸಾಕಾಗುತ್ತಿತ್ತು. ಅವಳ ಕಾಲಿಗೆ ತಿರುಗು ಅಂತ ಹೇಳುತ್ತಿದ್ದದ್ದು ತಲೆಯಲ್ಲ, ಆ ಸಾಲು. ಆ ವರ್ಷದ ಅವಳ ಪದ ಇದು:

ಬಂದೆ ಬಂದೆ ಬೆಟ್ಟ ಇಳ್ದು ಬಂದೆ
ಕುರಿ ಹಟ್ಟಿ ಬಾಗ್ಲು ಹಾಕಿ ಬಂದೆ
ಹಾಲು ಇಟ್ಟಿವ್ನಿ ಒಲೆ ಮ್ಯಾಲೆ
ಉಕ್ಕೋಗಂಟ ನಿಂತ್ಕ ತಾಳೆ
ಲೀಟ್ರಿನೊಳಕ್ಕೆ ಹೆಬ್ಬೆಟ್ಟದ್ದಿ
ಚನ್ನಮಲ್ಲಯ್ಯ, ಎಣ್ಣೆ ಕದ್ದಿ
ಹೊಂಟೆ ಹೊಂಟೆ ಹಟ್ಟಿಗೆ ಹೊಂಟೆ
ಹಿಡ್ಕಂಡೋರ ಸೆರಗ ಎಳ್ಕಂಡ್ ಹೊಂಟೆ

ಚನ್ನಮಲ್ಲಯ್ಯ ಯಾರೆಂದು ಆ ಕಡೆಯವರಿಗೆ ಹೇಳಬೇಕಾಗಿರಲಿಲ್ಲ. ಮಧುಗಿರಿಯಲ್ಲಿ ದೊಡ್ಡ ಮನೆ, ಸುತ್ತಮುತ್ತ ಹಳ್ಳಿಗಳಲ್ಲಿ ರೇಷನ್ ಡಿಪೋ. ವಾರಕ್ಕೊಮ್ಮೆ ಮಿಡಿಗೇಶಿಗೆ ಬಂದು ಸೀಮೆಎಣ್ಣೆಯನ್ನು ತಾನೇ ಅಳೆಯುತ್ತಿದ್ದ. ಲೀಟರಿನ ಡಬ್ಬವನ್ನು ಪೀಪಾಯಿಯೊಳಗೆ ಮುಳುಗಿಸಿ ಎತ್ತುವಾಗ ಅವನ ಬಲಗೈ ಹೆಬ್ಬೆಟ್ಟು ಡಬ್ಬದೊಳಗೆ ಬುಡದತನಕ ಇರುತ್ತಿತ್ತು. ಅದೇನು ಸಣ್ಣ ಹೆಬ್ಬೆಟ್ಟೇ? ಎಳೆ ಬದನೆಕಾಯಿಯಷ್ಟಿತ್ತು. ನೋಡಿದವರೆಲ್ಲ ನೋಡಿದರು, ಕೇಳಿದವರು ಯಾರೂ ಇಲ್ಲ. ತುರ್ತು ಪರಿಸ್ಥಿತಿಯ ಕಾಲ ಅದು, ಎಪ್ಪತ್ತಾರನೇ ಇಸವಿ. ಚಹದಂಗಡಿಯಲ್ಲಿ ಗಂಡಸರು ಆಚೀಚೆ ನೋಡಿಕೊಂಡು ಮಾತಾಡುತ್ತಿದ್ದರು. ಡಿಪೋದವನ ಮೇಲೆ ಅರ್ಜಿ ಕೊಟ್ಟರೆ ಕಾರ್ಡು ಹೋಗುತ್ತದೆ ಅಂತ ಒಬ್ಬ, ಒಳಗೆ ಹಾಕುತ್ತಾರೆ ಅಂತ ಇನ್ನೊಬ್ಬ. ಆದರೆ ಚಡುಗುಡಿನ ಗೆರೆಯೊಳಗೆ ಯಾರ ಭಯ? ಪುಟ್ಟಕ್ಕ ಒಂದು ಸಂಜೆ ಕಂದೀಲಿಗೆ ಎಣ್ಣೆ ಸಾಲದೆ ಬಂದ ಸಿಟ್ಟಿನಲ್ಲಿ ಆ ಸಾಲು ಕಟ್ಟಿದಳು, ಮಾರನೇ ದಿನ ಆಟದಲ್ಲಿ ಹೇಳಿದಳು, ಹಟ್ಟಿಯೆಲ್ಲ ಬಿದ್ದು ಬಿದ್ದು ನಕ್ಕಿತು.

ಮಹಿಳಾ ಮಂಡಳಿಗಳ ಕ್ರೀಡಾಕೂಟ ಮಧುಗಿರಿಯಲ್ಲಿ ಎಂದು ಸುದ್ದಿ ಬಂದಾಗ ಹಟ್ಟಿಯಲ್ಲಿ ಗಲಾಟೆಯೇ ಆಯಿತು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ನಾಲ್ಕೂ ಕಡೆಯ ತಂಡಗಳು. ಗೆದ್ದವರಿಗೆ ಬೆಳ್ಳಿ ಬಣ್ಣದ ಕಪ್ಪು, ಮೇಲೆ ಜಿಲ್ಲಾ ಕೂಟಕ್ಕೆ ತುಮಕೂರಿಗೆ ಪ್ರಯಾಣ. ಗ್ರಾಮಸೇವಕಿ ಮಿಡಿಗೇಶಿಯವರ ಹೆಸರನ್ನು ನಿಂಬೆಹಣ್ಣು ಚಮಚದ ಓಟಕ್ಕೆ ಬರೆದುಕೊಂಡಿದ್ದಳು. ತಂಡದ ಹಿರಿಯಳು ಕೆಂಪಕ್ಕ, ಪುಟ್ಟಕ್ಕನ ವಾರಗಿತ್ತಿ, ಅದನ್ನು ಹೊಡೆಸಿ ಹಾಕಿದಳು. "ಚಮಚ ಕಚ್ಕಂಡ್ ನಡ್ಯಾಕೆ ಮಧುಗಿರಿಗಂಟ ಯಾಕ್ ಓಗ್ಬೇಕು? ಚಡುಗುಡು ಅಂತ ಬರಿಯಮ್ಮ" ಅಂದಳು.

ಮನೆಯ ಯಜಮಾನ ಬೋರಪ್ಪ, ಇಬ್ಬರಿಗೂ ಮಾವ, ಬೀಡಿ ಕಿವಿಗೆ ಸಿಕ್ಕಿಸಿಕೊಂಡು ತೀರ್ಪು ಕೊಟ್ಟ. "ಕಚ್ಚೆ ಹಾಕ್ಕಂಡು ಪ್ಯಾಟೆ ಗಂಡಸ್ರ ಮುಂದೆ ಆಡಾಕ್ ಓಯ್ತಿರಿ. ಓಗ್ರಿ, ಬ್ಯಾಡ ಅನ್ನಲ್ಲ. ಗೆದ್ದು ಬಂದ್ರೆ ನನ್ ಬಾಯ್ ಮುಚ್ಚಿಸ್ದಂಗೆ. ಸೋತ್ರೆ ಅಲ್ಲಿಗ್ ಮುಗೀತು. ಇನ್ಮ್ಯಾಕೆ ಈ ಹಟ್ಟಿ ಹೆಂಗಸ್ರು ಚಡುಗುಡು ಅಂತ ಗೆರೆ ಎಳೆಯಂಗಿಲ್ಲ."

ಬೋರಪ್ಪ ಒಂದು ಮಾತು ಆಡಿದರೆ ಅದನ್ನು ತಿರುಗಿಸುವವನಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ಮುಸುರೆ, ಕಸ, ಕುರಿ, ನೀರು ಎಲ್ಲ ಮುಗಿಸಿ ಸಂಜೆ ಗೆರೆ ಎಳೆದು ನಿಂತಾಗಷ್ಟೇ ಅವಳು ಪುಟ್ಟಕ್ಕ. ಮಿಕ್ಕ ಹೊತ್ತಿನಲ್ಲಿ ಬೋರಪ್ಪನ ಕಿರಿ ಸೊಸೆ. ಆ ಸಂಜೆ ಒಂದು ಹೋದರೆ ಏನು ಉಳಿಯುತ್ತದೆ? ಗೆಲ್ಲಲೇಬೇಕು ಅಂತ ಅವಳು ಹಲ್ಲು ಕಚ್ಚಿದಳು.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಮಧುಗಿರಿ ಬೆಟ್ಟದ ಬುಡದ ಮೈದಾನ ಸೇರಿದರು. ಬೋರಪ್ಪನೂ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬಂದ. ಜನವೋ ಜನ. ಪಾವಗಡದ ಕಡೆಯಿಂದ ಲಾರಿ ಹತ್ತಿ ಬಂದ ತೆಲುಗು ಮಾತಿನವರು, ಸಿರಾದಿಂದ ಬಂದ ಸಾಬರು, ಕೊರಟಗೆರೆಯ ಮೇಷ್ಟ್ರುಗಳು, ಕಡಲೆಕಾಯಿ ಮಾರುವವರು. ಮೈಕಿನ ಹಿಂದೆ ಸಂಜೀವಯ್ಯ ಮೇಷ್ಟ್ರು. ಒಣಗಿದ ಆಳು, ಮೈಗಿಂತ ಮೀಸೆ ದೊಡ್ಡದು. ಸೀಟಿಯೂ ಅವರದೇ, ಮೈಕೂ ಅವರದೇ, ಪಾಯಿಂಟು ಹೇಳುವವರೂ ಅವರೇ. ಆಟ ಸುರುವಾದರೆ ಮನುಷ್ಯ ಕುರ್ಚಿಯಲ್ಲಿ ನಿಲ್ಲುತ್ತಿರಲಿಲ್ಲ. ಮೈಕು ಹಿಡಿದು ವೈರು ಎಳೆದುಕೊಂಡು ಹಗ್ಗದ ಉದ್ದಕ್ಕೂ ಓಡುತ್ತಿದ್ದರು. "ಹಿಡಿದರು, ಹಿಡಿದರು, ಅಯ್ಯಯ್ಯೋ ಜಾರಿದಳು" ಅಂತ ಅವರು ಕೂಗಿದರೆ ಬೆಟ್ಟದ ಮೇಲಿನ ಕೋತಿಗಳು ಕೂಡ ತಿರುಗಿ ನೋಡುತ್ತಿದ್ದವು.

ಬೆಳಗಿನ ಆಟದಲ್ಲಿ ಮಿಡಿಗೇಶಿಯವರು ಸಿರಾದವರನ್ನು ಚಿಂದಿ ಮಾಡಿದರು. ಪುಟ್ಟಕ್ಕ ಹೋದಳು, ಪದ ಹೇಳಿದಳು, ಹೆಬ್ಬೆಟ್ಟಿನ ಸಾಲಿಗೆ ತಿರುಗಿದಳು, ಬಂದಳು. ಮತ್ತೆ ಹೋದಳು, ಬಂದಳು. ಮೂರನೇ ಸಲಕ್ಕೆ ಜನಕ್ಕೆ ಪದ ಬಾಯಿಗೆ ಬಂದಿತ್ತು. ಸಿರಾದ ಹುಡುಗಿಯೊಬ್ಬಳು ನಗು ತಡೆಯಲಾರದೆ ಪುಟ್ಟಕ್ಕನ ಕಾಲು ಬಿಟ್ಟೇಬಿಟ್ಟಳು. ಇತ್ತ ಕೊರಟಗೆರೆಯವರನ್ನು ಪಾವಗಡದ ನಿಡುಗಲ್ಲಿನ ತಂಡ ಮಣ್ಣು ಮುಕ್ಕಿಸಿತು. ಮಧ್ಯಾಹ್ನದ ಮೇಲೆ ಮಿಡಿಗೇಶಿಗೂ ನಿಡುಗಲ್ಲಿಗೂ ಫೈನಲ್ಲು ಎಂದು ಮೇಷ್ಟ್ರು ಸಾರಿದರು.

ಮಧ್ಯಾಹ್ನಕ್ಕೆ ಸ್ವಾಗತ ಸಮಿತಿಯ ಅಧ್ಯಕ್ಷರು ಬಂದರು. ಕಪ್ಪು ಕೊಡುವವರೂ ಅವರೇ. ಗರಿಗರಿ ಪಂಚೆ, ಹೆಗಲ ಮೇಲೆ ಜರತಾರಿ ವಲ್ಲಿ. ಪುಟ್ಟಕ್ಕ ಬುತ್ತಿ ಬಿಚ್ಚಿ ರಾಗಿ ರೊಟ್ಟಿ ಮುರಿಯುತ್ತಿದ್ದವಳು ತಲೆಯೆತ್ತಿ ನೋಡಿದಳು. ಮುರಿದ ರೊಟ್ಟಿಯನ್ನು ಬುತ್ತಿಗೇ ವಾಪಸು ಹಾಕಿದಳು. ಬಂದವನು ಚನ್ನಮಲ್ಲಯ್ಯ.

ಅವನು ಹಾರ ಹಾಕಿಸಿಕೊಂಡು ಕೂರುವುದೇ ತಡ, ಕಡಲೆಕಾಯಿ ಮಾರುವವನು ಆ ಪದ ಗುನುಗುತ್ತಾ ಅವನ ಮುಂದೆಯೇ ಹಾದುಹೋದ. ಚನ್ನಮಲ್ಲಯ್ಯ ಅವನನ್ನು ಕರೆದು ಇನ್ನೊಂದು ಸಲ ಹೇಳಿಸಿದ. ಮುಖ ಕೆಂಪಾಯಿತು, ಕಪ್ಪಾಯಿತು. ಸಂಜೀವಯ್ಯ ಮೇಷ್ಟ್ರನ್ನು ಕರೆಸಿದ. "ಸರ್ಕಾರದ ಡಿಪೋ ಮೇಲೆ ಮಾತಾಡೋದು ಸರ್ಕಾರದ ಮೇಲೆ ಮಾತಾಡಿದ ಹಾಗೆ. ಕಾಲ ಎಂಥದ್ದು ಗೊತ್ತಲ್ಲ ಮೇಷ್ಟ್ರೇ? ನಿಮಗೂ ನೌಕರಿ ಇದೆ, ಹೆಂಡ್ತಿ ಮಕ್ಕಳಿದ್ದಾರೆ. ಇವರೆಲ್ಲ ಏನೇನು ಹೇಳ್ತಾರೋ ಮೊದಲೇ ಹೇಳಿಸಿ, ಬರೆದುಕೊಂಡು, ಬೇಡದ್ದು ಹೊಡೆದುಹಾಕಿ. ಹೊಡೆದ ಮಾತು ಬಾಯಿಂದ ಬಂತೋ, ಅಂದವರು ಔಟು."

ಇಂಥ ಕಾನೂನು ಭೂಮಿ ಮೇಲೆ ಯಾವ ಆಟಕ್ಕಾದರೂ ಉಂಟೇ? ಆದರೆ ಮೇಷ್ಟ್ರು ಏನು ಮಾಡಿಯಾರು. ಟೇಬಲ್ಲು ಹಾಕಿಸಿಕೊಂಡು, ಕೆಂಪು ಪೆನ್ಸಿಲ್ಲು ತೆಗೆದುಕೊಂಡು ಕೂತರು. ಎರಡೂ ತಂಡದವರು ಸಾಲಾಗಿ ಬಂದು ತಮ್ಮ ತಮ್ಮ ಪದ ಒಪ್ಪಿಸಬೇಕಾಯಿತು.

ಮೊದಲು ಬಂದವಳು ನಿಡುಗಲ್ಲಿನ ಕ್ಯಾತಮ್ಮ. ಎತ್ತರದ ಹೆಂಗಸು, ಬಾಗಿಲಿನ ಹಾಗೆ ಭುಜ. ಅವಳ ಪದ ತೆಲುಗಿನದು. "ಚೆಡುಗುಡು ಚೆಡುಗುಡು ಚೆಂಬು ತೆಸ್ತಾ, ನೀ ಮೀಸಾಲಕು ನೂನೆ ಪೂಸ್ತಾ" ಅಂದಳು. ಮೇಷ್ಟ್ರಿಗೆ ತೆಲುಗು ಬಾರದು.

"ಏನಮ್ಮ ಇದರ ಅರ್ಥ?"

"ದೇವುರ ಪದ ಸಾರೂ" ಅಂದಳು ಕ್ಯಾತಮ್ಮ, ಕಣ್ಣು ಅರೆಮುಚ್ಚಿ.

ಮೇಷ್ಟ್ರು ಭಕ್ತಿಯಿಂದ ಸೈ ಎಂದು ಬರೆದುಕೊಂಡರು. ಚೊಂಬು ತಂದು ನಿನ್ನ ಮೀಸೆಗೆ ಎಣ್ಣೆ ಹಚ್ಚುತ್ತೇನೆ ಅಂತ ಅದರ ಅರ್ಥ. ಹಿಂದೆ ನಿಂತಿದ್ದ ಪಾವಗಡದವರು ಕೆಮ್ಮಿ ಕೆಮ್ಮಿ ನಗು ನುಂಗಿಕೊಂಡರು.

ಆಮೇಲೆ ಪುಟ್ಟಕ್ಕ. ಅವಳು ಹೇಳುತ್ತ ಹೋದಳು, ಮೇಷ್ಟ್ರು ಬರೆಯುತ್ತ ಹೋದರು. ಹೆಬ್ಬೆಟ್ಟಿನ ಸಾಲು ಬಂದಾಗ ಅವರ ಮೀಸೆ ಒಂದು ಸಲ ಅಲುಗಿತು. ಬಗಲಲ್ಲಿ ಚನ್ನಮಲ್ಲಯ್ಯ ಕುರ್ಚಿ ಎಳೆದುಕೊಂಡು ಕೂತಿದ್ದ. ಮೇಷ್ಟ್ರು ಆ ಎರಡು ಸಾಲನ್ನು ಬಾಯಲ್ಲೇ ಓದಿಕೊಂಡರು, ಇನ್ನೊಮ್ಮೆ ಓದಿಕೊಂಡರು, ಕೆಂಪು ಗೆರೆ ಎಳೆದರು.

"ಅಲ್ಲೇನ್ ಏಳ್ಲಿ ಸಾಮಿ?" ಅಂದಳು ಪುಟ್ಟಕ್ಕ.

"ಅಲ್ಲಿ ಕಬಡ್ಡಿ ಕಬಡ್ಡಿ ಅನ್ನಮ್ಮ. ಉಸಿರು ಕಡೀಬಾರದು, ಅಷ್ಟೇ."

ಅವಳಿಗೂ ಅಷ್ಟೇ ಅನ್ನಿಸಿತು. ಎರಡು ಸಾಲು ಹೋದರೆ ಏನು ಮಹಾ? ಸೆರಗು ಸಿಕ್ಕಿಸಿ, ಕಚ್ಚೆ ಬಿಗಿದು, ನೆಲ ಮುಟ್ಟಿ ನಮಸ್ಕಾರ ಮಾಡಿ ಒಳಗೆ ಇಳಿದಳು.

ಮೇಷ್ಟ್ರು ಸೀಟಿ ಊದಿದರು. ಪುಟ್ಟಕ್ಕ ನುಗ್ಗಿದಳು. ಬಂದೆ ಬಂದೆ ಬೆಟ್ಟ ಇಳ್ದು ಬಂದೆ. ನಿಡುಗಲ್ಲಿನವರು ಕೈಕೈ ಹಿಡಿದು ಹಿಂದೆ ಸರಿದರು. ಹಾಲು ಇಟ್ಟಿವ್ನಿ ಒಲೆ ಮ್ಯಾಲೆ. ಒಬ್ಬಳು ಮೂಲೆಗೆ ಸಿಕ್ಕಳು. ಉಕ್ಕೋಗಂಟ ನಿಂತ್ಕ ತಾಳೆ. ಆಮೇಲೆ ಕಬಡ್ಡಿ ಕಬಡ್ಡಿ ಕಬಡ್ಡಿ ಕಬಡ್ಡಿ, ಹೇಳುತ್ತಲೇ ಇದ್ದಳು, ಕಾಲು ಮುಂದಕ್ಕೇ ಹೋಗುತ್ತಲೇ ಇತ್ತು. ತಿರುಗು ಅನ್ನುವವರೇ ಇಲ್ಲ. ಎದೆ ಉರಿಯತೊಡಗಿದಾಗ ಬೆಚ್ಚಿಬಿದ್ದು ನೋಡುತ್ತಾಳೆ, ಹಿಂದಿನ ಗೆರೆಯ ಹತ್ತಿರ ಬಂದುಬಿಟ್ಟಿದ್ದಾಳೆ. ತಿರುಗುವಷ್ಟರಲ್ಲಿ ಕ್ಯಾತಮ್ಮ ಸೊಂಟಕ್ಕೆ ಕೈ ಹಾಕಿದಳು. ಉಸಿರು ಪುಸ್ಸೆಂದಿತು. ಔಟು.

ಮುಂದಿನ ಸಲ ಅವಳು ಹೆದರಿದಳು. ಕಬಡ್ಡಿ ಅನ್ನುತ್ತಿದ್ದ ಹಾಗೆಯೇ ತಿರುಗಿ ಓಡಿ ಬಂದಳು. ಯಾರನ್ನೂ ಮುಟ್ಟಿರಲಿಲ್ಲ. ಎದೆಯಲ್ಲಿ ಇನ್ನೂ ಅರ್ಧ ಉಸಿರಿತ್ತು. ಮೂರನೇ ಸಲ ಕಬಡ್ಡಿಯನ್ನು ಬೆರಳಲ್ಲಿ ಎಣಿಸಲು ಹೋಗಿ, ಬೆರಳು ನೋಡುತ್ತ ಎಡವಿ ಬಿದ್ದಳು. ಜನ ಉಶ್ ಎಂದರು. ಸಂಜೀವಯ್ಯ ಮೇಷ್ಟ್ರ ದನಿಯೂ ಸೊರಗಿತು. "ಪುಟ್ಟಕ್ಕ ಔಟು" ಅಂತ ಅವರು ಮೈಕಿನಲ್ಲಿ ಹೇಳಿದ್ದು ಸಾವಿನ ಸುದ್ದಿಯ ಹಾಗೆ ಕೇಳಿಸಿತು. ಅರ್ಧ ಆಟ ಮುಗಿಯುವ ಹೊತ್ತಿಗೆ ನಿಡುಗಲ್ಲು ಬಹಳ ಮುಂದಿತ್ತು.

ಬಿಡುವಿನಲ್ಲಿ ಕೆಂಪಕ್ಕ ನೀರಿನ ಚೊಂಬು ಕುಕ್ಕಿದಳು. "ಏನೇ ಆಗೈತೆ ನಿಂಗೆ? ದೆವ್ವ ಮೆಟ್ಟಿದ್ದೋಳಂಗೆ ಆಡ್ತಿದ್ದಿಯಲ್ಲ."

"ತಿರುಗೋದೇ ಗೊತ್ತಾಯ್ತಿಲ್ಲ ಕಣಕ್ಕ. ಆ ಸಾಲಿಗೆ ಕಾಲ್ ತಾನೇ ತಿರುಗ್ತಿತ್ತು. ಸಾಲಿಲ್ದೆ ಕುಲ್ಡಿ ಆಗೋದಂಗ್ ಆಯ್ತದೆ."

"ಅಂಗಾರೆ ಬ್ಯಾರೆ ಸಾಲ್ ಕಟ್ಟು."

ಪುಟ್ಟಕ್ಕ ನಿಂತಲ್ಲೇ ಕಟ್ಟಿದಳು. ಇಬ್ಬರೂ ಟೇಬಲ್ಲಿಗೆ ಓಡಿದರು. ಏರಿ ಮೇಲಿನ ನೇರಳೆ ಹಣ್ಣು, ತಿಂದ ನರಿಗೆ ಕೆಂಪು ಕಣ್ಣು ಅಂತ ಹೇಳಿದಳು. ಮೇಷ್ಟ್ರು ಆಸೆಯಿಂದ ಬರೆದುಕೊಳ್ಳುತ್ತಿದ್ದರು. ಚನ್ನಮಲ್ಲಯ್ಯ ಕೈ ಅಡ್ಡ ಹಿಡಿದ.

"ನರಿ ಯಾರು?"

"ನರಿ ಸಾಮಿ. ಕಾಡ್ನಾಗ್ ಇರ್ತದಲ್ಲ."

"ನನಗೇ ಅಂದದ್ದು. ಹೊಡೀರಿ."

ಪುಟ್ಟಕ್ಕ ಇನ್ನೊಂದು ಹೇಳಿದಳು, ಬೆಕ್ಕು ನೆಲುವಿನ ಹಾಲು ಕುಡಿದ ಸಾಲು. "ಕದ್ದು ಕುಡೀತಾ?" ಅಂತ ಕೇಳಿದ ಚನ್ನಮಲ್ಲಯ್ಯ. ಬೆಕ್ಕು ಇನ್ನು ಹೆಂಗೆ ಕುಡಿಯುತ್ತದೆ ಅಂತ ಕೆಂಪಕ್ಕ ಕೇಳಿದ್ದಕ್ಕೆ ಅದೂ ಹೋಯಿತು. ಮಳೆಯ ಬಗ್ಗೆ ಒಂದು ಹೇಳಿದರೆ ಮೋಡದ ಹೊಟ್ಟೆ ಅಂದದ್ದು ಯಾರ ಹೊಟ್ಟೆ ಅಂದ. ಒಂದು ಸಲ ಪೆನ್ಸಿಲ್ಲು ಕೈಗೆ ಬಂದವನಿಗೆ ಊರೆಲ್ಲ ತನ್ನದೇ ಹೆಸರು ಕಾಣಿಸುತ್ತದೆ. ಕೊನೆಗೆ ಅವನು ಕುರ್ಚಿಗೆ ಒರಗಿ, "ಕಬಡ್ಡಿ ಅನ್ನಿ, ಸಾಕು" ಅಂದ.

ಬಯಲ ಆಚೆ ಬದಿಯಲ್ಲಿ ಬೋರಪ್ಪ ಕುಕ್ಕರಗಾಲಿನಲ್ಲಿ ಕೂತಿದ್ದ. ಪುಟ್ಟಕ್ಕ ಅವನ ಕಡೆ ನೋಡಲಿಲ್ಲ. ಸೋತರೆ ಆ ಬಾಯಿಂದ ಬರುವ ಮಾತು ಅವಳಿಗೆ ಈಗಲೇ ಕೇಳಿಸುತ್ತಿತ್ತು. ಕಣ್ಣಲ್ಲಿ ನೀರು ತುಂಬಿತು, ಬೆವರಿನ ಜೊತೆ ಸೆರಗಿನಲ್ಲಿ ಒರೆಸಿಕೊಂಡು ಗೆರೆಯ ಮೇಲೆ ನಿಂತಳು.

ಎರಡನೇ ಅರ್ಧ ಸುರುವಾಯಿತು. ಕೆಂಪಕ್ಕ ಒಂದು ಪಾಯಿಂಟು ತಂದಳು. ಕ್ಯಾತಮ್ಮ ಮೇಷ್ಟ್ರ ಮೀಸೆಗೆ ಎಣ್ಣೆ ಹಚ್ಚುತ್ತ ಬಂದು ಅದನ್ನು ಕಿತ್ತುಕೊಂಡಳು. ಆಮೇಲೆ ಪುಟ್ಟಕ್ಕ ನುಗ್ಗಿದಳು. ಹಾಲು ಒಲೆಗೇರಿತು, ಉಕ್ಕುವ ಸಾಲೂ ಆಯಿತು, ಕಬಡ್ಡಿ ಕಬಡ್ಡಿ ಅನ್ನತೊಡಗಿದಳು. ಮತ್ತೆ ಅದೇ ಕತ್ತಲೆ. ಅಷ್ಟರಲ್ಲಿ ಆಚೆ ಬದಿಯಿಂದ ಒಂದು ಒರಟು ಗಂಟಲು ಒದರಿತು:

"ಲೀಟ್ರಿನೊಳಕ್ಕೆ ಹೆಬ್ಬೆಟ್ಟದ್ದಿ."

ಕಾಲು ತಾನೇ ತಿರುಗಿತು. ತಿರುಗುವಾಗ ಕೈ ಒಬ್ಬಳ ಭುಜಕ್ಕೆ ತಗುಲಿತು. ಗೆರೆ ಮುಟ್ಟಿ ಉಸಿರು ಬಿಟ್ಟು ನೋಡಿದರೆ, ಕೂಗಿದವನು ಎದ್ದು ನಿಂತಿದ್ದಾನೆ, ಕಿವಿಯ ಬೀಡಿ ನೆಲಕ್ಕೆ ಬಿದ್ದಿದೆ. ಬೋರಪ್ಪ. ಸೋತರೆ ಅಲ್ಲಿಗೆ ಮುಗಿಯಿತು ಅಂದವನಿಗೇ ಸೊಸೆ ಸೋಲುವುದನ್ನು ಕಣ್ಣಲ್ಲಿ ನೋಡಲಾಗಲಿಲ್ಲ.

ಸಂಜೀವಯ್ಯ ಮೇಷ್ಟ್ರು ಸೀಟಿ ಬಾಯಿಗಿಟ್ಟು ಒಂದು ಗಳಿಗೆ ತಡೆದರು. ಹೊಡೆದ ಮಾತು ಆಟಗಾರ್ತಿಯ ಬಾಯಿಂದ ಬಂದಿಲ್ಲ. "ಪಾಯಿಂಟು ಮಿಡಿಗೇಶಿಗೆ" ಅಂದರು.

ಆಮೇಲೆ ಕೇಳಬೇಕೆ. ಪುಟ್ಟಕ್ಕ ಹೋದಾಗಲೆಲ್ಲ ಅವಳು ಕಬಡ್ಡಿಗೆ ಬಂದ ತಕ್ಷಣ ಮೈದಾನದ ನಾಲ್ಕೂ ಕಡೆಯವರು ಆ ಎರಡು ಸಾಲು ಕೂಗಿದರು. ತೆಲುಗಿನವರೂ ಕೂಗಿದರು, ಸಿರಾದ ಸಾಬರೂ ಕೂಗಿದರು. ಬೆಳಿಗ್ಗೆ ಒಬ್ಬಳು ಹೇಳಿದ್ದನ್ನು ಈಗ ಊರೇ ಹೇಳುತ್ತಿತ್ತು, ಅಳಿಸಿದ್ದಕ್ಕೆ ಅದು ಇನ್ನಷ್ಟು ಜೋರಾಯಿತು. ಪುಟ್ಟಕ್ಕ ಒಂದೊಂದೇ ಪಾಯಿಂಟು ಹೆಕ್ಕಿದಳು. ಅಂತರ ಕರಗುತ್ತ ಬಂತು.

ಚನ್ನಮಲ್ಲಯ್ಯ ಪೊಲೀಸಿನವರನ್ನು ಕರೆದು ಮೈದಾನದ ಸುತ್ತ ನಿಲ್ಲಿಸಿದ. "ಬಾಯಿ ತೆಗೆದವರನ್ನ ಸೀದಾ ಠಾಣೆಗೆ ಒಯ್ಯಿರಿ" ಅಂತ ಮೈಕು ಕಿತ್ತುಕೊಂಡು ಹೇಳಿದ. ಆ ಕಾಲದಲ್ಲಿ ಅದು ತಮಾಷೆಯ ಮಾತಲ್ಲ. ಜನ ಗಪ್‌ಚಿಪ್ಪಾದರು. ಬೋರಪ್ಪನ ಪಕ್ಕ ಒಬ್ಬ ಪೇದೆ ಲಾಠಿ ಊರಿ ನಿಂತ.

ಮುಂದಿನ ಸಲ ಪುಟ್ಟಕ್ಕ ಒಳಗೆ ಹೋದಾಗ ಅವಳ ದನಿ ಬಿಟ್ಟರೆ ಬೇರೆ ಸದ್ದಿಲ್ಲ. ಕಬಡ್ಡಿಗೆ ಬಂದಳು. ಎದುರಿನ ಜನರತ್ತ ದಿಕ್ಕೆಟ್ಟು ನೋಡಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕಿ ಮೆಲ್ಲಗೆ ಬಲಗೈ ಹೆಬ್ಬೆಟ್ಟು ಎತ್ತಿದಳು. ಅವಳ ಹಿಂದಿನವನು ಎತ್ತಿದ. ಎತ್ತು ಎಂದು ಯಾರೂ ಹೇಳಿರಲಿಲ್ಲ, ನೋಡನೋಡುತ್ತ ಮೈದಾನದ ತುಂಬ ಹೆಬ್ಬೆಟ್ಟು. ಪುಟ್ಟಕ್ಕ ತಿರುಗಿದಳು, ಒಬ್ಬಳನ್ನು ಮುಟ್ಟಿದಳು, ಬಂದಳು. ಎರಡೂ ಕಡೆ ಸಮ ಆಯಿತು.

"ಕೈ ಕಟ್ಟಿ, ಎಲ್ಲರೂ ಕೈ ಕಟ್ಟಿ ಕೂತ್ಕೊಳ್ಳಿ" ಅಂತ ಚನ್ನಮಲ್ಲಯ್ಯ ಅರಚಿದ. ಮೀಸೆ ಬಂದ ಗಂಡಸರು, ಮೊಮ್ಮಕ್ಕಳಿದ್ದ ಹೆಂಗಸರು, ಎಲ್ಲರೂ ಒಂದನೇ ಕ್ಲಾಸಿನ ಮಕ್ಕಳ ಹಾಗೆ ಕೈಕಟ್ಟಿ ಕೂತರು. ನಗುವ ಹಾಗೂ ಇಲ್ಲ, ಅಳುವ ಹಾಗೂ ಇಲ್ಲ.

ಉಳಿದದ್ದು ಕೊನೆಯ ದಾಳಿ. ಸರದಿ ಮಿಡಿಗೇಶಿಯದು. ಒಬ್ಬಳನ್ನು ಮುಟ್ಟಿ ಬಂದರೆ ಗೆಲುವು, ಹಿಡಿದುಹಾಕಿದರೆ ಸೋಲು. ಕೆಂಪಕ್ಕ ಔಟಾಗಿ ಹಗ್ಗದ ಪಕ್ಕ ಕೂತಿದ್ದಳು. ಅಂಗಳದಲ್ಲಿ ಪುಟ್ಟಕ್ಕ ಒಬ್ಬಳೇ. ಎದುರಿಗೆ ಕ್ಯಾತಮ್ಮ ಮತ್ತು ಇನ್ನೊಬ್ಬಳು.

"ಉಸ್ರು ನೋಡ್ಕಳೆ ಪುಟ್ಟಿ" ಅಂದಳು ಕೆಂಪಕ್ಕ.

ಪುಟ್ಟಕ್ಕ ಎದೆ ತುಂಬ ಗಾಳಿ ಎಳೆದುಕೊಂಡು ಗೆರೆ ದಾಟಿದಳು. ಬಂದೆ ಬಂದೆ. ಕ್ಯಾತಮ್ಮ ಎಡಕ್ಕೆ ಸರಿದಳು. ಕುರಿ ಹಟ್ಟಿ ಬಾಗ್ಲು. ಇನ್ನೊಬ್ಬಳು ಬೆನ್ನ ಹಿಂದೆ ಸುತ್ತಿ ಬಂದಳು. ಸಂಜೀವಯ್ಯ ಮೇಷ್ಟ್ರು ಕುರ್ಚಿ ಬಿಟ್ಟು ಎದ್ದು ಮೈಕು ಹಿಡಿದು ಹಗ್ಗದ ಹತ್ತಿರ ಬಂದೇಬಿಟ್ಟಿದ್ದರು. "ಹೋದಳು, ಹೋದಳು, ಕ್ಯಾತಮ್ಮ ಕೈ ಚಾಚಿದಳು, ತಪ್ಪಿಸಿಕೊಂಡಳು, ಅಬ್ಬಬ್ಬಾ" ಅಂತ ಉಸಿರು ಬಿಡದೆ ಹೇಳುತ್ತಿದ್ದರು. ಹಾಲು ಒಲೆಯ ಮೇಲಾಯಿತು. ನಿಂತ್ಕ ತಾಳೆಯೂ ಆಯಿತು. ಕಬಡ್ಡಿ, ಕಬಡ್ಡಿ, ಕಬಡ್ಡಿ. ಕೈಕಟ್ಟಿ ಕೂತ ಜನ ಪುಟ್ಟಕ್ಕನನ್ನೇ ನೋಡುತ್ತಿದ್ದರು, ತುಟಿ ಅದುಮಿಕೊಂಡು. ಕ್ಯಾತಮ್ಮ ಒಂದೇ ಕೈಯಳತೆಯಲ್ಲಿದ್ದಳು. ಈಗಲೋ? ಇನ್ನೂ ಉಸಿರಿದೆಯೋ? ಇಲ್ಲವೋ? ಪುಟ್ಟಕ್ಕನಿಗೆ ತನ್ನ ಎದೆಯೇ ತಿಳಿಯಲಿಲ್ಲ. ಕಾಲು ಇನ್ನೊಂದು ಹೆಜ್ಜೆ ಮುಂದಿಟ್ಟಿತು.

"ತಿರುಗಮ್ಮ, ತಿರುಗು, ಲೀಟ್ರಿನೊಳಕ್ಕೆ ಹೆಬ್ಬೆಟ್ಟದ್ದಿ, ಚನ್ನಮಲ್ಲಯ್ಯ, ಎಣ್ಣೆ ಕದ್ದಿ!"

ಮೈದಾನದ ನಾಲ್ಕು ಮೂಲೆಯ ಧ್ವನಿವರ್ಧಕಗಳೂ ಒಟ್ಟಿಗೆ ಅಂದವು. ಪೇಟೆ ಬೀದಿಗೆ ಕೇಳಿತು, ಬಸ್‌ಸ್ಟಾಂಡಿಗೆ ಕೇಳಿತು. ಅಷ್ಟು ದೊಡ್ಡ ಬಂಡೆಬೆಟ್ಟ ಅದನ್ನು ತಿರುಗಿಸಿ ಇನ್ನೊಂದು ಸಲ ಅಂದಿತು.

ಪುಟ್ಟಕ್ಕ ಗಿರಕ್ಕನೆ ತಿರುಗಿದಳು. ತಿರುಗುತ್ತಲೇ ಅಂಗೈ ಕ್ಯಾತಮ್ಮನ ಭುಜಕ್ಕೆ ಬಡಿಯಿತು. ಕ್ಯಾತಮ್ಮ ಹಾರಿ ಅವಳ ಸೊಂಟ ಹಿಡಿದಳು. ಇನ್ನೊಬ್ಬಳು ಕಾಲಿಗೆ ಬಿದ್ದಳು. ಹೊಂಟೆ ಹೊಂಟೆ ಹಟ್ಟಿಗೆ ಹೊಂಟೆ. ಪುಟ್ಟಕ್ಕ ಇಬ್ಬರನ್ನೂ ಎಳೆದುಕೊಂಡು ಮೊಣಕಾಲಲ್ಲಿ ತೆವಳಿದಳು. ಹಿಡ್ಕಂಡೋರ ಸೆರಗ. ಮಣ್ಣು ಬಾಯಿಗೆ ಬಂತು. ಎಳ್ಕಂಡ್ ಹೊಂಟೆ. ಕೊನೆಯ ಅಕ್ಷರದ ಜೊತೆ ಬೆರಳ ತುದಿ ಸುಣ್ಣದ ಗೆರೆಗೆ ತಾಗಿತು.

ಸೀಟಿ ಕೇಳಿಸಲಿಲ್ಲ. ಎಲ್ಲರೂ ಮೇಷ್ಟ್ರನ್ನು ನೋಡುತ್ತಿದ್ದರು. ಮೇಷ್ಟ್ರು ಕೈಯಲ್ಲಿದ್ದ ಮೈಕನ್ನು ನೋಡುತ್ತಿದ್ದರು. ತಮ್ಮ ಬಾಯಿಂದ ಬಂದದ್ದು ಅವರಿಗೆ ಆಗಷ್ಟೇ ತಿಳಿದಿತ್ತು. ಚನ್ನಮಲ್ಲಯ್ಯ ಎದ್ದು ನಿಂತಿದ್ದ, ಎರಡೂ ಕೈಯ ಹೆಬ್ಬೆಟ್ಟು ಮುಷ್ಟಿಯೊಳಗೆ ಮುಚ್ಚಿಕೊಂಡು.

"ಮೈಕು ಮಾತಾಡೈತೆ, ಇದು ಎಂಗೆ ಪಾಯಿಂಟು ಸಾರೂ?" ಅಂತ ಕ್ಯಾತಮ್ಮ ಮಣ್ಣಲ್ಲಿ ಬಿದ್ದಲ್ಲಿಂದಲೇ ಕೇಳಿದಳು. ನ್ಯಾಯವಾದ ಪ್ರಶ್ನೆ.

ಮೇಷ್ಟ್ರು ಮೈಕು ಮತ್ತೆ ಬಾಯಿಗಿಟ್ಟರು. "ಆಟಗಾರ್ತಿ ಹೊಡೆದ ಮಾತು ಆಡಿಲ್ಲ. ಉಸಿರು ಕಡಿದಿಲ್ಲ. ಪಾಯಿಂಟು ಮಿಡಿಗೇಶಿಗೆ, ಕಪ್ಪು ಮಿಡಿಗೇಶಿಗೆ." ಮೈಕು ಇಳಿಸದೆ ಮತ್ತೆ ಅಂದರು, "ಹೊಡೆದ ಮಾತು ಆಡಿದವರು ಔಟು ಅಂತ ಅಧ್ಯಕ್ಷರು ನಿಯಮ ಮಾಡಿದ್ದಾರೆ. ನಿಯಮ ನಿಯಮವೇ. ಸಂಜೀವಯ್ಯ ಔಟು."

ಹಾಗೆ ಹೇಳಿ ಕೊರಳ ಸೀಟಿ ಬಿಚ್ಚಿ ಟೇಬಲ್ಲಿನ ಮೇಲಿಟ್ಟರು, ಮೈಕು ಇಟ್ಟರು, ಪೆನ್ಸಿಲ್ಲೂ ಇಟ್ಟರು. ಹಗ್ಗ ದಾಟಿ, ಔಟಾದ ಹೆಂಗಸರು ಸಾಲಾಗಿ ಕೂತಿದ್ದ ಕಡೆಗೆ ನಡೆದರು. ಕೆಂಪಕ್ಕ ಏನೂ ಕೇಳದೆ ಸರಿದು ಜಾಗ ಬಿಟ್ಟಳು. ಮೇಷ್ಟ್ರು ಪಂಚೆ ಮಡಚಿ ಅವಳ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತರು.

ಆಗ ಮೈದಾನ ಒಡೆಯಿತು. ಕಟ್ಟಿದ್ದ ಕೈಗಳೆಲ್ಲ ಬಿಚ್ಚಿಕೊಂಡವು, ಪೇದೆಗಳು ಯಾರನ್ನು ಅಂತ ಹಿಡಿಯುವುದು? ಕ್ಯಾತಮ್ಮನೇ ಪುಟ್ಟಕ್ಕನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡಳು. ಬೋರಪ್ಪ ಜನರನ್ನು ಮೊಣಕೈಯಲ್ಲಿ ತಿವಿಯುತ್ತ ಬಂದ, ಸೊಸೆಯ ಮುಖ ನೋಡಿದ, ಬೇರೆ ಎಲ್ಲೋ ನೋಡಿದ. "ತುಮ್ಕೂರಿಗೆ ಯಾವತ್ತು ಓಗ್ಬೇಕು ಅಂತ ಕೇಳ್ಕ. ಕುರಿ ನಾನ್ ನೋಡ್ಕತಿನಿ" ಅಂದ. ಪುಟ್ಟಕ್ಕನಿಗೆ ಅಳು ಉಕ್ಕಿ ಬಂತು. ಈ ಸಲ ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

ಹೆಗಲಿಂದ ಇಳಿದು ಅವಳು ಸೀದಾ ಮೇಷ್ಟ್ರ ಹತ್ತಿರ ಹೋಗಿ ಕೂತಳು. "ನಿಮ್ ನೌಕ್ರಿ ಏನಾಯ್ತದೆ ಸಾಮಿ?"

"ಎಲ್ಲಿಗಾದರೂ ಎತ್ತಿ ಹಾಕ್ತಾರೆ. ಹಾಕೋದಾದ್ರೆ ಮಿಡಿಗೇಶಿಗೇ ಹಾಕಲಿ" ಅಂದರು ಮೇಷ್ಟ್ರು. ಅವರ ಕಣ್ಣು ಹುಡುಗರ ಹಾಗೆ ಹೊಳೆಯುತ್ತಿತ್ತು.

"ಅಲ್ಲ, ನನ್ ಸಾಲು ನಿಮ್ ಬಾಯಿಗೆ ಎಂಗ್ ಬಂತು?"

"ಹೊಡೆದುಹಾಕ್ಬೇಕಾದ್ರೆ ಓದ್ಲೇಬೇಕಲ್ಲ ತಾಯಿ" ಅಂದರು ಸಂಜೀವಯ್ಯ ಮೇಷ್ಟ್ರು. "ಮಧ್ಯಾಹ್ನದಿಂದ ಅದೊಂದೇ ಸಾಲು ಬಾಯಲ್ಲಿ ಇಟ್ಕೊಂಡಿದ್ದೆ, ಎಲ್ಲಿ ನೀನು ಅದನ್ನ ಹೇಳಿಬಿಟ್ಟು ಔಟಾಗ್ತೀಯೋ ಅಂತ ಕಾಯ್ಕೊಂಡು."